‘ಕೊಡೋರು ನೋಡೇ ಕೊಡ್ತಾರ’ ಅನ್ನೋದು ನಿಜಾನಾ?

ಪ್ರಶ್ನೆ: ಸರ್, ನಾವು ಬೆಟಗೇರಿಯವರು. ಮನೆಯವರು ಸ್ವಂತ ಗೂಡ್ಸ್ ಗಾಡಿ ಓಡಿಸುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಡೀಸೆಲ್ ಕಳೆದು ಇಬ್ಬರದೂ ಸೇರಿ ತಿಂಗಳಿಗೆ 24 ಸಾವಿರ ಕೈಗೆ ಬರುತ್ತದೆ. ಗಾಡಿ ಕಂತು 8,200. ಎರಡು ಸಂಘದ ಕಂತು, ಒಂದು 2,650, ಇನ್ನೊಂದು 2,150. ಫೋನಿನ ಇಎಂಐ 1,500. ಈಗ ಮೈದುನನ ಮದುವೆಗೆ ಮನೆ ಮೇಲೆ 5 ಲಕ್ಷ ಸಾಲ ತೆಗೆಯೋಣ ಅನ್ನುತ್ತಿದ್ದಾರೆ. ಬೇಡ ಅಂದರೆ, ‘ಸರ್ಕಾರನ ಲಕ್ಷ ಕೋಟಿ ಸಾಲ ಮಾಡೇತಿ, ನಾವು ಮಾಡಿದ್ರ ಏನಾತು? ಕೊಡೋರೇನು ಹುಚ್ಚರ? ನೋಡೇ ಕೊಡ್ತಾರ’ ಅಂತಾರೆ. ಸರ್ಕಾರದ ಸಾಲಕ್ಕೂ ನಮ್ಮ ಸಾಲಕ್ಕೂ ಏನು ವ್ಯತ್ಯಾಸ? ಹೀಗೇ ಸಾಲ ಮಾಡಿದರೆ ದೇಶ ಮುಳುಗೋದಿಲ್ವಾ? ಬ್ಯಾಂಕು ಕೊಡುತ್ತದೆ ಅಂದರೆ ನಮಗೆ ತೀರಿಸೋ ಶಕ್ತಿ ಇದೆ ಅಂತಾನೇ ಅರ್ಥಾನಾ?

ಉತ್ತರ: ತಂಗಿ, ನಿಮ್ಮ ಮನೆಯವರು ಎರಡು ಮಾತು ಹೇಳಿದ್ದಾರೆ. ಸರ್ಕಾರದ ಮಾತು ಆಮೇಲೆ ನೋಡೋಣ. ಮೊದಲು ಆ ಎರಡನೇದು. ‘ನೋಡೇ ಕೊಡ್ತಾರ.’ ಗದಗ, ಹಾವೇರಿ, ಹುಬ್ಬಳ್ಳಿ ಸುತ್ತಮುತ್ತಲಿನ ಶಾಖೆಗಳಲ್ಲಿ ಮೂವತ್ತೊಂದು ವರ್ಷ ನಾನು ಕೊಡೋರ ಕುರ್ಚಿಯಲ್ಲೇ ಕೂತಿದ್ದವನು. ನೋಡಿ ಕೊಟ್ಟಿದ್ದೂ ಇದೆ, ನೋಡದೆ ಕೊಟ್ಟಿದ್ದೂ ಇದೆ. ನೋಡದೆ ಕೊಟ್ಟಿದ್ದೊಂದನ್ನು ಹೇಳುತ್ತೇನೆ.

1990ರ ದಶಕದ ಕೊನೆ. ಹಾವೇರಿ ಆಗಷ್ಟೇ ಹೊಸ ಜಿಲ್ಲೆ ಆಗಿತ್ತು. ನಾನು ಅಲ್ಲಿನ ಒಂದು ಹಳ್ಳಿ ಶಾಖೆಯ ಮ್ಯಾನೇಜರ್. ಮಾರ್ಚ್ ತಿಂಗಳು. ಬ್ಯಾಂಕಿನವರಿಗೆ ಮಾರ್ಚ್ ಅಂದರೆ ಜ್ವರ ಬಂದ ಹಾಗೆ. ಟ್ರ್ಯಾಕ್ಟರ್ ಸಾಲದ ಟಾರ್ಗೆಟ್ ಮುಟ್ಟೋಕೆ ಇನ್ನೂ ನಾಲ್ಕು ಬಾಕಿ ಇದ್ದವು. ಡೀಲರ್ ಕಡೆಯ ಹುಡುಗ ಒಂದು ಫೈಲು ತಂದ. ಹೊಲದ ಉತಾರ (ಪಹಣಿ), ಕೊಟೇಶನ್, ಜಾಮೀನುದಾರರ ಸಹಿ, ಎಲ್ಲ ಸಜ್ಜಾಗಿತ್ತು. ಏಳು ಎಕರೆ ಜಮೀನು, ಒಂದು ಬೋರ್‌ವೆಲ್ ಇದೆ ಅಂತ ಬರೆದಿತ್ತು. ಹೊಲಕ್ಕೆ ಹೋಗಿ ನೋಡಿ ಬಂದ ಹಾಗೆ ನಾನು ಟೇಬಲ್ ಮೇಲೇ ತಪಾಸಣೆ ವರದಿ ಬರೆದೆ. ಆ ಹುಡುಗ ತರಿಸಿದ ಚಹಾ ಆರುವುದರೊಳಗೆ ಸಾಲ ಮಂಜೂರಾಗಿತ್ತು.

ಎರಡು ವರ್ಷದ ಮೇಲೆ ಬಾಕಿ ವಸೂಲಿಗೆ ಹೋದೆ. ನಾನು ಆ ಹೊಲ ನೋಡಿದ್ದು ಅದೇ ಮೊದಲು. ಬೋರ್‌ವೆಲ್ ಇತ್ತು, ನೀರಿರಲಿಲ್ಲ. ಟ್ರ್ಯಾಕ್ಟರ್ ಬೇವಿನ ಗಿಡದ ಕೆಳಗೆ ನಿಂತಿತ್ತು. ಮುಂದಿನ ಒಂದು ಟಯರಿನ ಗಾಳಿ ಹೋಗಿ ಮಣ್ಣಿಗೆ ಅಂಟಿಕೊಂಡಿತ್ತು. ಟ್ರೇಲರ್ ಕೆಳಗೆ ಕೋಳಿ ಕಾವಿಗೆ ಕೂತಿತ್ತು. ಪೂಜೆ ದಿನ ಕಟ್ಟಿದ್ದ ಲಿಂಬೆಹಣ್ಣು, ಮೆಣಸಿನಕಾಯಿ ಒಣಗಿ ಕರ್ರಗಾಗಿ ಇನ್ನೂ ತೂಗುತ್ತಿತ್ತು. ರೈತನ ಅಪ್ಪ ಕಟ್ಟೆ ಮೇಲೆ ಕೂತಿದ್ದರು. ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ಕುಡಿಯಲು ನೀರು ಕೊಟ್ಟರು. ಆಮೇಲೆ ಒಂದೇ ಮಾತು: ‘ಅಂವಗ ತಿಳೀಲಿಲ್ಲ ಬಿಡ್ರಿ ಸಾಹೇಬ್ರ. ನೀವರ ಬ್ಯಾಡ ಅನಬೇಕಿತ್ತು.’

ಟ್ರ್ಯಾಕ್ಟರ್ ಜಪ್ತಿಯಾಗಿ ಹರಾಜಾಯಿತು. ಬಂದ ದುಡ್ಡು ಸಾಲಕ್ಕೆ ಸಾಲಲಿಲ್ಲ. ಉಳಿದ ಸಾಲ ಹೊಲದ ಮೇಲಿನ ಬೋಜಾ ಆಗಿ ಉತಾರದಲ್ಲಿ ಕೂತಿತು. ಕೊನೆಗೆ ಎರಡು ಎಕರೆ ಮಾರಿ ಬಿಡಿಸಿಕೊಂಡರು ಅಂತ ಕೇಳಿದೆ. ನನಗೇನಾಯಿತು ಅಂತ ಕೇಳುತ್ತೀರಾ? ಆ ಮಾರ್ಚ್‌ನಲ್ಲಿ ಟಾರ್ಗೆಟ್ ಮುಟ್ಟಿದ್ದಕ್ಕೆ ಮೇಲಿನ ಆಫೀಸಿನಿಂದ ಒಂದು ಗೋಡೆ ಗಡಿಯಾರ ಬಂದಿತ್ತು.

ತಪ್ಪು ಸಾಲ ತೆಗೆದುಕೊಂಡವನಿಗೆ ಎರಡು ಎಕರೆ ಹೋಯಿತು. ಅದೇ ತಪ್ಪು ಸಾಲ ಕೊಟ್ಟವನಿಗೆ ಗಡಿಯಾರ ಬಂತು. ಸಾಲ ಮುಳುಗಿದಾಗ ಕೊಟ್ಟವನ ಮೈಗೆ ನೋವು ತಟ್ಟದಿದ್ದರೆ, ಅವನು ನೋಡೋದನ್ನೇ ಬಿಟ್ಟುಬಿಡುತ್ತಾನೆ. ನಿಮ್ಮ ಸಂಘದ ಸಾಲದಿಂದ ಹಿಡಿದು ದೆಹಲಿಯ ಬಜೆಟ್‌ವರೆಗೆ ನಾನು ಹೇಳಬೇಕಾದ್ದು ಇದೊಂದೇ.

ಇದೇನು ಇವತ್ತಿನ ರೋಗ ಅಂದುಕೊಳ್ಳಬೇಡಿ. ನಮ್ಮ ಸೀಮೆಗೆ ಇದರ ರುಚಿ 160 ವರ್ಷದ ಹಿಂದೆಯೇ ಹತ್ತಿತ್ತು, ಅದೂ ಹತ್ತಿಯಿಂದಲೇ. ಗದಗ, ಹುಬ್ಬಳ್ಳಿ, ಧಾರವಾಡದ ಎರಿ ಹೊಲಗಳಲ್ಲಿ ಆಗ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿದ್ದರು. ‘ಧಾರವಾಡ-ಅಮೆರಿಕನ್’ ಅಂತಲೇ ಅದಕ್ಕೆ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರೋದು ನಿಂತಿತು. ಮುಂಬೈ ಪೇಟೆಯಲ್ಲಿ ನಮ್ಮ ಹತ್ತಿಯ ದರ ಆಕಾಶಕ್ಕೆ ಹೋಯಿತು. ದಖ್ಖನ್ ಸೀಮೆಯಲ್ಲಿ ಚಕ್ಕಡಿ ಗಾಲಿಗೆ ಬೆಳ್ಳಿ ಪಟ್ಟಿ ಹೊಡೆಸಿದರು ಅಂತ ಆ ಕಾಲದ ಕಥೆಗಳಿವೆ. ರೈತ ಕೇಳುವ ಮೊದಲೇ ಸಾಹುಕಾರ ಕೊಡುತ್ತಿದ್ದ. ಹೊಲದಲ್ಲಿ ಹತ್ತಿ ಇದೆ, ಹತ್ತಿಗೆ ದರ ಇದೆ, ಮತ್ತೇನು ನೋಡೋದು?

1865ರಲ್ಲಿ ಯುದ್ಧ ಮುಗಿಯಿತು. ದರ ಬಿತ್ತು. ಮುಂಬೈಯಲ್ಲಿ ಹತ್ತಿ ದುಡ್ಡಿನ ಮೇಲೆ ಎದ್ದಿದ್ದ ಷೇರು ಹುಚ್ಚು ಕುಸಿದು, ಕಣ್ಣು ಮುಚ್ಚಿ ಸಾಲ ಹಂಚಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಬಾಗಿಲು ಹಾಕಿತು. ಹಳ್ಳಿಗಳಲ್ಲಿ ಸಾಹುಕಾರರು ಬಿಗಿ ಮಾಡಿದರು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನೇ ಸುಟ್ಟರು. 1879ರಲ್ಲಿ ದಖ್ಖನ್ ರೈತರ ರಕ್ಷಣೆಗೆ ಅಂತ ಒಂದು ಕಾನೂನು ಬಂತು. ಸಾಲದ ದಾರಿಯನ್ನೇ ಬೇರೆ ಮಾಡಬೇಕು ಅನ್ನೋ ಯೋಚನೆ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಗೆ ಬಂದು ನಿಂತಿತು.

ಮುಂದಿನದು ನಿಮಗೆ ಗೊತ್ತಿರಬಹುದು, ನಿಮ್ಮೂರ ಪಕ್ಕದ ಕಥೆ. ಆ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ನಾವು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಆ ಕಾಯ್ದೆಯ ಒಂದು ಅಂಶವನ್ನು ಯಾರೂ ಹೇಳೋದಿಲ್ಲ. ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಮುಳುಗಿಸಿದರೆ ಉಳಿದವರ ಮನೆ, ಹೊಲದ ತನಕ ಬರಬಹುದಿತ್ತು.

ಹೀಗಿದ್ದಾಗ ಜನ ಹೇಗೆ ಸಾಲ ಕೊಡುತ್ತಾರೆ, ಸ್ವಲ್ಪ ಯೋಚಿಸಿ. ಇವನ ಎತ್ತು ಮುದಿಯಾಗಿದೆಯಾ, ಹೊಲಕ್ಕೆ ಹದ ಮಳೆ ಆಗಿದೆಯಾ, ಸಂಜೆ ಹೊತ್ತು ಇವನು ಎಲ್ಲಿ ಕೂರುತ್ತಾನೆ, ಕಳೆದ ವರ್ಷ ಮಗಳ ಮದುವೆಗೆ ಯಾರ ಹತ್ತಿರ ಕೈಗಡ ತಂದಿದ್ದಾನೆ. ಎಲ್ಲ ಎಲ್ಲರಿಗೂ ಗೊತ್ತು. ಬೀಜಕ್ಕೆ ಅಂದರೆ ಕೊಡು, ಜಾತ್ರೆಗೆ ಅಂದರೆ ಬೇಡ. ಮುಖ ನೋಡಿ ‘ಬ್ಯಾಡ’ ಅನ್ನೋ ಧೈರ್ಯ ಅವರಿಗಿತ್ತು. ಯಾಕಂದರೆ ದುಡ್ಡೂ ಅವರದೇ, ನೋವೂ ಅವರದೇ.

ಈಗ ನಿಮ್ಮ ಓಣಿಯ ಸಂಘಕ್ಕೆ ಬನ್ನಿ. ಮೇಲ್ನೋಟಕ್ಕೆ ಅದೂ ಹಾಗೇ ಕಾಣುತ್ತದೆ. ಹತ್ತು ಜನ ಹೆಣ್ಣುಮಕ್ಕಳು, ಒಬ್ಬರಿಗೊಬ್ಬರು ಜಾಮೀನು, ವಾರಕ್ಕೋ ಹದಿನೈದು ದಿನಕ್ಕೋ ಮೀಟಿಂಗ್. ಆದರೆ ಯಾರಿಗೆ ಎಷ್ಟು ಕೊಡಬೇಕು ಅಂತ ನಿರ್ಧಾರ ಮಾಡೋರು ನೀವಲ್ಲ. ಬೈಕಿನಲ್ಲಿ ಬರುವ ಸಾಲದ ಕಂಪನಿಯ ಹುಡುಗ. ಅವನಿಗೂ ಟಾರ್ಗೆಟ್ ಇದೆ, ನನಗಿದ್ದ ಹಾಗೇ. ಕಣಗಿನಹಾಳದವರ ಕಣ್ಣು ಸಾಲ ಕೊಡುವ ಮೊದಲು ಕೆಲಸ ಮಾಡುತ್ತಿತ್ತು. ನಿಮ್ಮ ಸಂಘದವರ ಕಣ್ಣು ಕಂತು ತಪ್ಪಿದ ಮೇಲೆ ಕೆಲಸ ಮಾಡುತ್ತದೆ. ನಿಮ್ಮ ಬಾಗಿಲ ಮುಂದೆ ಬಂದು ಕೂರೋದು ಕಂಪನಿಯವರಿಗಿಂತ ಮೊದಲು ಪಕ್ಕದ ಮನೆ ಅಕ್ಕ, ಅಲ್ವಾ?

ಆಂಧ್ರದಲ್ಲಿ ಇದು 2010ರಲ್ಲೇ ಸ್ಫೋಟ ಆಯಿತು. ಒಂದೇ ಮನೆಗೆ ನಾಲ್ಕೈದು ಕಂಪನಿ ಕೊಟ್ಟಿದ್ದವು. ಆತ್ಮಹತ್ಯೆಗಳಾದವು, ಸುಗ್ರೀವಾಜ್ಞೆ ಬಂತು. ಹದಿನೈದು ವರ್ಷದ ನಂತರ, 2025ರ ಫೆಬ್ರುವರಿಯಲ್ಲಿ, ನಮ್ಮ ರಾಜ್ಯವೂ ಸುಗ್ರೀವಾಜ್ಞೆ ತರಬೇಕಾಯಿತು. ವಸೂಲಿಗೆ ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಅದು ವಸೂಲಿಯ ಕಾನೂನು. ಕೊಡುವ ಹೊತ್ತಿನ ತಪ್ಪನ್ನು ಅದು ಹಿಡಿಯೋದಿಲ್ಲ.

ಅದಕ್ಕೂ ಒಂದು ನಿಯಮ ಇದೆ. 2022ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ್ದು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಜಾಮೀನು ಆಸ್ತಿ ಇಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್. ಆ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಎಲ್ಲ ಸಾಲ ಅಂದರೆ ಗಾಡಿಯದೂ ಸೇರಿ. ನಿಮ್ಮ ಮನೆಯ ಆದಾಯ ವರ್ಷಕ್ಕೆ 2 ಲಕ್ಷ 88 ಸಾವಿರ. ಅರ್ಧ ಅಂದರೆ ತಿಂಗಳಿಗೆ 12 ಸಾವಿರ. ನೀವು ಕಟ್ಟುತ್ತಿರೋದು 14,500. ನೂರಕ್ಕೆ ಅರವತ್ತು. ಯಾವ ಸಾಲ ಮೊದಲು, ಯಾವುದು ಆಮೇಲೆ ಅಂತ ನೀವು ಬರೆದಿಲ್ಲ. ಸಂಘದ ಸಾಲವೇ ಕೊನೆಗೆ ಬಂದಿದ್ದರೆ, ಅದನ್ನು ಕೊಡುವಾಗ ನಿಮ್ಮ ಆದಾಯ ಎಷ್ಟು ಅಂತ ಬರೆದುಕೊಂಡರು ಕೇಳಿ ನೋಡಿ. 35 ಸಾವಿರ ಅಂತ ಬರೆದಿದ್ದರೆ ನನಗೆ ಆಶ್ಚರ್ಯ ಆಗೋದಿಲ್ಲ. ನಾನೂ ಬತ್ತಿದ ಬೋರ್‌ವೆಲ್‌ಗೆ ನೀರು ಬರೆದವನೇ.

ದೊಡ್ಡವರ ಸಾಲದಲ್ಲೂ ಇದೇ ನಡೆಯುತ್ತದೆ, ಸೊನ್ನೆ ಮಾತ್ರ ಜಾಸ್ತಿ. ಅಮೆರಿಕದಲ್ಲಿ ಬ್ಯಾಂಕುಗಳು ತೀರಿಸಲಾಗದವರಿಗೂ ಮನೆ ಸಾಲ ಕೊಟ್ಟು, ಆ ಸಾಲವನ್ನೇ ಗಂಟು ಕಟ್ಟಿ ಇನ್ನೊಬ್ಬರಿಗೆ ಮಾರಿ ಕೈ ತೊಳೆದುಕೊಂಡವು. 2008ರ ಸೆಪ್ಟೆಂಬರ್ 15ಕ್ಕೆ ಲೆಹ್ಮನ್ ಬ್ರದರ್ಸ್ ದಿವಾಳಿ ಎದ್ದಿತು. ನಮ್ಮಲ್ಲಿ ಅದೇ ಹೊತ್ತಿಗೆ ವಿದ್ಯುತ್, ಉಕ್ಕು, ರಸ್ತೆ ಕಂಪನಿಗಳಿಗೆ ಬ್ಯಾಂಕುಗಳು ಧಾರಾಳ ಕೊಟ್ಟವು. ಹಳೆ ಸಾಲಕ್ಕೆ ಹೊಸ ಸಾಲ ಹಚ್ಚಿ ವರ್ಷಗಟ್ಟಲೆ ಮುಚ್ಚಿಟ್ಟವು. 2018ರ ಮಾರ್ಚ್‌ನಲ್ಲಿ ಬ್ಯಾಂಕುಗಳ ನೂರು ರೂಪಾಯಿ ಸಾಲದಲ್ಲಿ 11 ರೂಪಾಯಿಗಿಂತ ಹೆಚ್ಚು ಕೆಟ್ಟ ಸಾಲ ಅಂತ ಹೊರಬಿತ್ತು. ಸರ್ಕಾರಿ ಬ್ಯಾಂಕುಗಳನ್ನು ನಿಲ್ಲಿಸೋಕೆ ಐದು ವರ್ಷದಲ್ಲಿ ಕೇಂದ್ರ 3 ಲಕ್ಷ ಕೋಟಿಗೂ ಹೆಚ್ಚು ಬಂಡವಾಳ ಸುರಿಯಿತು. ಅದರ ಬಹುಪಾಲು ಸಾಲಪತ್ರದ ಮೂಲಕ, ಅಂದರೆ ಸರ್ಕಾರ ತಾನೇ ಸಾಲ ಬರೆದುಕೊಟ್ಟು. ಬ್ಯಾಂಕು ನೋಡದೆ ಕೊಟ್ಟ ಸಾಲ ಹೀಗೆ ದೇಶದ ಸಾಲ ಆಯಿತು. ಯಾವ ಮ್ಯಾನೇಜರಿಗೆ ಯಾವ ಗಡಿಯಾರ ಬಂದಿತ್ತೋ!

ಇನ್ನು ನಿಮ್ಮ ಮನೆಯವರ ಮೊದಲ ಮಾತು. ಸರ್ಕಾರ ಮಾಡಬಹುದು, ನಾವು ಯಾಕೆ ಮಾಡಬಾರದು?

ಲಕ್ಷ ಕೋಟಿ ಅಂದರೆ ಯಾರ ತಲೆಗೂ ಹೋಗೋದಿಲ್ಲ. ಸೊನ್ನೆ ತೆಗೆದು ಒಂದು ಲಕ್ಷ ಕೋಟಿಯನ್ನು ಒಂದು ಸಾವಿರ ರೂಪಾಯಿ ಅಂದುಕೊಳ್ಳಿ. ಆಗ 2025-26ರ ಕೇಂದ್ರ ಬಜೆಟ್ ಒಂದು ಮನೆಯ ಲೆಕ್ಕ ಆಗುತ್ತದೆ. ಮನೆಗೆ ಬರೋದು 34,960. ಖರ್ಚು 50,650. ಕೊರತೆ 15,690, ಅದಿಷ್ಟೂ ಸಾಲ. ಖರ್ಚಿನಲ್ಲಿ ಹಳೆ ಸಾಲದ ಬಡ್ಡಿಯೇ 12,760. ಹೊಸದಾಗಿ ತಂದ ನೂರರಲ್ಲಿ 81 ರೂಪಾಯಿ ಹಳೆ ಬಡ್ಡಿಗೇ ಸಮ. ಅಸಲು? ಅದನ್ನು ತೀರಿಸೋಕೆ ಮತ್ತೆ ಹೊಸ ಸಾಲ. ಮಾರ್ಚ್‌ನಲ್ಲಿ ನಮ್ಮ ರೈತರು ಒಂದು ದಿನದ ಮಟ್ಟಿಗೆ ಕೈಗಡ ತಂದು ಸೊಸೈಟಿಯ ಬೆಳೆಸಾಲ ತೀರಿಸಿ, ಮತ್ತೆ ಹೊಸದಾಗಿ ಎತ್ತಿಕೊಳ್ಳುತ್ತಾರಲ್ಲ, ಹಾಗೇ. ಆ ವರ್ಷ ಕೇಂದ್ರ ಮಾರುಕಟ್ಟೆಯಿಂದ ಎತ್ತಲು ಲೆಕ್ಕ ಹಾಕಿದ್ದು ಒಟ್ಟು 14.82 ಲಕ್ಷ ಕೋಟಿ. ಹಳೆಯದನ್ನು ತೀರಿಸಿ ನಿಜವಾಗಿ ಕೈಗೆ ಉಳಿಯೋದು 11.54 ಲಕ್ಷ ಕೋಟಿ.

ಇಷ್ಟು ಓದಿದರೆ ನಿಮ್ಮ ಮನೆಯವರು ‘ನೋಡು, ನಮಗಿಂತ ಅವರದೇ ಕೆಟ್ಟೈತಿ’ ಅನ್ನಬಹುದು. ಆದರೆ ಈ ಮನೆಗೂ ನಿಮ್ಮ ಮನೆಗೂ ಕೆಲವು ದೊಡ್ಡ ವ್ಯತ್ಯಾಸ ಇವೆ. ನಿಮಗೆ ಸಾಲ ಕೊಡುವಾಗ ಬ್ಯಾಂಕು ವಯಸ್ಸು ಕೇಳುತ್ತದೆ. ಸರ್ಕಾರಕ್ಕೆ ವಯಸ್ಸಾಗೋದಿಲ್ಲ. ಅಸಲನ್ನು ಮುಂದೂಡುತ್ತಲೇ ಇರಬಹುದು. ಎರಡನೇದು, ದೇಶದ ದುಡಿಮೆ ಬೆಲೆ ಏರಿಕೆಯೂ ಸೇರಿ ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಬೆಳೆದರೆ, ಸರ್ಕಾರ ಹತ್ತು ವರ್ಷದ ಸಾಲಕ್ಕೆ ಕೊಡೋ ಬಡ್ಡಿ 7ರ ಆಸುಪಾಸು. ಆದಾಯ ಬಡ್ಡಿಗಿಂತ ಜೋರಾಗಿ ಬೆಳೆದರೆ ಹಳೆ ಸಾಲ ತಾನೇ ಹಗುರಾಗುತ್ತದೆ. ನಿಮ್ಮ ಕಥೆ ಹಾಗಲ್ಲ. ಬ್ಲೌಸ್ ಹೊಲಿಗೆ ರೇಟು ವರ್ಷ ವರ್ಷ ನೂರಕ್ಕೆ ಹತ್ತು ಏರಿಸಿ ನೋಡಿ, ಗಿರಾಕಿ ಪಕ್ಕದ ಓಣಿಗೆ ಹೋಗುತ್ತಾರೆ. ಸರ್ಕಾರ ಕಡಿಮೆ ಬಿದ್ದರೆ ತೆರಿಗೆ ಹೆಚ್ಚಿಸಬಹುದು. ನಿಮ್ಮ ಮನೆಯವರು ಬಾಡಿಗೆ ಹೆಚ್ಚಿಸಿದರೆ ಗಂಜ್‌ನಲ್ಲಿ ಇನ್ನೊಂದು ಗಾಡಿ ನಿಂತೇ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ. ಸರ್ಕಾರದ ಸಾಲದ ಬಹುಪಾಲು ರೂಪಾಯಿಯಲ್ಲೇ ಇದೆ, ನಮ್ಮಿಂದಲೇ ತೆಗೆದುಕೊಂಡದ್ದು. ಬ್ಯಾಂಕುಗಳು ತಮ್ಮ ಠೇವಣಿಯ ನೂರಕ್ಕೆ 18ರಷ್ಟನ್ನು ಸರ್ಕಾರಿ ಸಾಲಪತ್ರದಂಥ ಭದ್ರ ಜಾಗದಲ್ಲಿ ಇಡಲೇಬೇಕು ಅಂತ ನಿಯಮ ಇದೆ. ನಿಮ್ಮ ಅತ್ತೆಯವರ ಎಫ್‌ಡಿ ಇದ್ದರೆ ಅದರಲ್ಲೊಂದು ಪಾಲು ದೆಹಲಿಗೆ ಸಾಲ ಆಗಿ ಹೋಗಿದೆ. ಎಲ್‌ಐಸಿ ಕಂತು, ಪಿಎಫ್ ದುಡ್ಡಿನ ದಾರಿಯೂ ಅದೇ. ಅಂದರೆ ಸರ್ಕಾರಕ್ಕೆ ಸಾಲ ಕೊಟ್ಟವರು ನೀವೇ. ಮನೆಯ ಯಜಮಾನ ಮಕ್ಕಳ ಗೋಲಕದಿಂದ ತೆಗೆದ ಹಾಗೆ. ಸಾಹುಕಾರ ಬಂದು ಪಾತ್ರೆ ಹೊರಗೆ ಹಾಕೋದಿಲ್ಲ.

ಪಾತ್ರೆ ಹೊರಗೆ ಬೀಳೋದು ಸಾಲ ಹೊರಗಿನವರದ್ದಾದಾಗ, ಅದೂ ಡಾಲರಿನಲ್ಲಿ ಇದ್ದಾಗ. ನಮಗೆ ಅದರ ಅನುಭವ ಇದೆ. 1980ರ ದಶಕದಲ್ಲಿ ಸರ್ಕಾರಗಳು ದುಡಿದದ್ದಕ್ಕಿಂತ ಜಾಸ್ತಿ ಖರ್ಚು ಮಾಡಿದವು. ಹೊರಗಿಂದ ಅಲ್ಪಾವಧಿ ಸಾಲ ತಂದವು. 1990ರಲ್ಲಿ ಕೊಲ್ಲಿ ಬಿಕ್ಕಟ್ಟು ಬಂದು ಎಣ್ಣೆ ದರ ಏರಿತು. 1991ರ ಬೇಸಿಗೆಗೆ ದೇಶದ ಹತ್ತಿರ ಎರಡು ಮೂರು ವಾರದ ಆಮದಿಗೆ ಆಗುವಷ್ಟೇ ಡಾಲರ್ ಉಳಿದಿತ್ತು. ಮೇ ತಿಂಗಳಲ್ಲಿ 20 ಟನ್ ಬಂಗಾರ ಸ್ವಿಟ್ಜರ್ಲೆಂಡಿಗೆ ಹೋಯಿತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ವಿಮಾನ ಹತ್ತಿತು, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಹತ್ತಿರ ಗಿರವಿ. ಆ 47 ಟನ್‌ಗೆ ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಆಗ ನಾನು ಹೊಸ ಆಫೀಸರ್. ನಮ್ಮ ಶಾಖೆಯಲ್ಲಿ ಬೋರಮಾಳ ಅಡ ಇಡೋಕೆ ಬಂದಿದ್ದ ಅಜ್ಜಿಯೊಬ್ಬರು ಪೇಪರ್ ಸುದ್ದಿ ಕೇಳಿ, ‘ಹಂಗಾರ ಸರ್ಕಾರನೂ ನಮ್ಮ ಪಾಳೇಕ ಬಂತು’ ಅಂದಿದ್ದರು. ಶ್ರೀಲಂಕಾ 2022ರಲ್ಲಿ ಇನ್ನೂ ಮುಂದೆ ಹೋಯಿತು. ಹೊರಸಾಲ ಕಟ್ಟೋದಿಲ್ಲ ಅಂತ ಏಪ್ರಿಲ್‌ನಲ್ಲಿ ಕೈ ಎತ್ತಿತು. ಅಲ್ಲಿನ ಜನ ಪೆಟ್ರೋಲ್, ಗ್ಯಾಸ್‌ಗೆ ದಿನಗಟ್ಟಲೆ ಸಾಲುಗಟ್ಟಿ ನಿಂತರು.

ಹಾಗಾದರೆ ನಮ್ಮ ದೇಶ ಮುಳುಗುತ್ತಾ? ಈಗಿನ ಲೆಕ್ಕ ನೋಡಿದರೆ ಇಲ್ಲ. ಕೇಂದ್ರದ ಸಾಲ ದೇಶದ ಒಂದು ವರ್ಷದ ದುಡಿಮೆಯ ನೂರಕ್ಕೆ 56ರಷ್ಟು. 2031ರ ಮಾರ್ಚ್ ಹೊತ್ತಿಗೆ 50ರ ಹತ್ತಿರ ಇಳಿಸುತ್ತೇವೆ ಅಂತ ಹೇಳಿದ್ದಾರೆ. ಜಪಾನಿನದು 200 ದಾಟಿದೆ, ಮುಳುಗಿಲ್ಲ. ಎಷ್ಟು ಸಾಲ ಅನ್ನೋದಕ್ಕಿಂತ ನಾನು ಮೊದಲು ನೋಡೋದು ಯಾವುದಕ್ಕೆ ಅಂತ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ರಸ್ತೆಗೆ ವಿಶ್ವಬ್ಯಾಂಕಿನ ಸಾಲದ ದುಡ್ಡೂ ಸೇರಿದೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಂತಾಗ ಎಲ್ಲರೂ ಬೈಯುತ್ತೇವೆ, ನಾನೂ ಬೈದಿದ್ದೇನೆ. ಆದರೂ ದಿನಾ ಜನ ಓಡಾಡುತ್ತಾರೆ, ಟಿಕೆಟ್ ದುಡ್ಡು ಬರುತ್ತದೆ. ಆಸ್ತಿ ಅಂತ ಒಂದು ಉಳಿದಿದೆ. ಸಂಬಳ, ಪಿಂಚಣಿ, ಬಡ್ಡಿಗೆ ಅಂತ ಸಾಲ ತಂದರೆ ಏನೂ ಉಳಿಯೋದಿಲ್ಲ. ನಮ್ಮ ರಾಜ್ಯದ 2025-26ರ ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ 1.16 ಲಕ್ಷ ಕೋಟಿ ಸಾಲ. ದಿನದ ಖರ್ಚಿಗೇ 19 ಸಾವಿರ ಕೋಟಿಗೂ ಹೆಚ್ಚು ಕೊರತೆ. ಸಾಲಕ್ಕೆ ಬೇಲಿ ಹಾಕುವ ಕಾನೂನನ್ನು ದೇಶದಲ್ಲೇ ಮೊದಲು, 2002ರಲ್ಲಿ, ಮಾಡಿದ್ದು ನಮ್ಮ ಕರ್ನಾಟಕ. ಒಟ್ಟು ಸಾಲ ರಾಜ್ಯದ ದುಡಿಮೆಯ ನೂರಕ್ಕೆ 25 ದಾಟಬಾರದು. 2025-26ರ ಲೆಕ್ಕ 24.91ಕ್ಕೆ ಬಂದು ನಿಂತಿದೆ. ಬೇಲಿ ಮೇಲೆ ಹೊಟ್ಟೆ ತಾಗಿದೆ ಅನ್ನಿ. ಗ್ಯಾರಂಟಿಯಿಂದಲೇ ಹೀಗಾಯಿತು ಅಂತ ಒಬ್ಬರು, ಹಿಂದಿನವರು ಟೆಂಡರ್ ಕರೆದು ಬಿಲ್ ಬಿಟ್ಟು ಹೋದರು ಅಂತ ಇನ್ನೊಬ್ಬರು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆ ಜಗಳ ನನಗೆ ಬೇಡ.

ನನ್ನ ತಕರಾರು ಬೇರೆ. ಸರ್ಕಾರಕ್ಕೆ ಸಾಲ ಕೊಟ್ಟವರು ನಾವು ಅಂದೆ. ಕೊಟ್ಟವರು ನಾವು ನೋಡಿದೆವಾ? ಎಫ್‌ಡಿ ಇಟ್ಟವರಿಗೆ ಬಡ್ಡಿ ಬಂದರೆ ಸಾಕು. ಬ್ಯಾಂಕು ನಿಯಮ ಇದೆ ಅಂತ ಕೊಳ್ಳುತ್ತದೆ. ಸಾಲದ ದುಡ್ಡು ಎಲ್ಲಿ ಹೋಯಿತು ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲಿ ಬರುತ್ತದೆ. ಅಧಿವೇಶನದ ಕೊನೆ ದಿನಗಳಲ್ಲಿ ಅದನ್ನು ಮಂಡಿಸುತ್ತಾರೆ, ಮರುದಿನ ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ. ಕಣಗಿನಹಾಳದವರು ಎರಡು ಎತ್ತಿನ ಸಾಲಕ್ಕೆ ಕೇಳಿದಷ್ಟು ಪ್ರಶ್ನೆಯನ್ನು ನಾವು ಲಕ್ಷ ಕೋಟಿಗೆ ಕೇಳೋದಿಲ್ಲ.

ಸರಿ, ದೇಶ ಬಿಡಿ. ನಿಮ್ಮ ಮನೆ.

ಮನೆ ಮೇಲಿನ ಸಾಲ ಕೊಡೋರು ‘ನೋಡೇ ಕೊಡ್ತಾರ’. ಇಲ್ಲಿ ನಿಮ್ಮವರ ಮಾತು ನಿಜ. ಅವರು ನೋಡೋದು ಮನೆಯನ್ನು. ಜಾಗ ಎಷ್ಟು, ದಾಖಲೆ ಸರಿಯಿದೆಯಾ, ಮಾರಿದರೆ ಎಷ್ಟು ಬರುತ್ತದೆ. ನೀವು ತಿಂಗಳ ಕೊನೆಗೆ ಏನು ತಿನ್ನುತ್ತೀರಿ ಅನ್ನೋದು ಆ ನೋಟದಲ್ಲಿ ಬರೋದಿಲ್ಲ. ಮೂರು ತಿಂಗಳು ಕಂತು ನಿಂತರೆ ಅದು ಕೆಟ್ಟ ಸಾಲ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್ ಕೊಟ್ಟು, ಕೋರ್ಟಿನ ಡಿಕ್ರಿಗೆ ಕಾಯದೆ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಮನೆ ಯಾರ ಹೆಸರಲ್ಲಿದೆ ಅಂತ ನೀವು ಬರೆದಿಲ್ಲ. ಅತ್ತೆಯವರ ಹೆಸರಲ್ಲಿದ್ದರೆ ಸಹಿ ಹಾಕೋದು ಅವರು. ಅವರನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಿ.

ಈಗ ಕಂತು. 5 ಲಕ್ಷ, ಏಳು ವರ್ಷ, ಬಡ್ಡಿ ನೂರಕ್ಕೆ 14 ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 9,370 ಬರುತ್ತದೆ. ಒಟ್ಟು ಕಟ್ಟೋದು 7 ಲಕ್ಷ 87 ಸಾವಿರ. ಮೈದುನನ ಮಗು ಒಂದನೇ ಇಯತ್ತೆಗೆ ಹೋಗುವಾಗಲೂ ನೀವು ಅವನ ಮದುವೆ ಊಟದ ಕಂತು ಕಟ್ಟುತ್ತಿರುತ್ತೀರಿ. ಈಗಿನ 14,500ಕ್ಕೆ 9,370 ಕೂಡಿಸಿ. 23,870. ನಿಮ್ಮ ಆದಾಯ 24,000.

ಉಳಿಯೋದು 130 ರೂಪಾಯಿ.

ಮೈದುನನ ಮದುವೆ ನಿಲ್ಲಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಮಠಗಳಲ್ಲಿ, ಜಾತ್ರೆಗಳಲ್ಲಿ ಸಾಮೂಹಿಕ ಮದುವೆ ಆಗುತ್ತವೆ. ಮರ್ಯಾದೆಗೆ ಕಡಿಮೆ ಅನಿಸಿದರೆ ದೇವಸ್ಥಾನದಲ್ಲಿ ಮಾಡಿ, ಮನೆ ಮುಂದೆ ಪೆಂಡಾಲ್ ಹಾಕಿ ಊಟ ಹಾಕಿ. ಮೈದುನ ದುಡಿಯುತ್ತಿದ್ದರೆ ಖರ್ಚಿನ ಅರ್ಧ ಅವನೇ ತರಲಿ. ಒಂದು ವರ್ಷ ತಡ ಆದರೂ ಆಗಲಿ. ಫೋನಿನ ಇಎಂಐ ಇನ್ನೆಷ್ಟು ತಿಂಗಳಿದೆ ಅಂತ ನೋಡಿ. ಅದು ಮುಗಿದ ತಿಂಗಳೇ ಆ 1,500ನ್ನು ಜಾಸ್ತಿ ಬಡ್ಡಿಯ ಸಂಘದ ಸಾಲಕ್ಕೆ ತಿರುಗಿಸಿ. ಅದರ ಅಸಲು ಬೇಗ ಇಳಿಯುತ್ತದೆ. ಗಾಡಿ ಕಂತು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ, ಮನೆಗೆ ಅನ್ನ ತರೋದು ಅದೇ.

ಬಡ್ಡಿ ಎಷ್ಟು ಅಂತ ಬಾಯಿಮಾತಿನಲ್ಲಿ ಕೇಳಬೇಡಿ. ‘12 ಪರ್ಸೆಂಟ್ ಫ್ಲಾಟ್’ ಅನ್ನುತ್ತಾರೆ, ಕಡಿಮೆ ಅನಿಸುತ್ತದೆ. 50 ಸಾವಿರಕ್ಕೆ ಎರಡು ವರ್ಷ ಆ ಲೆಕ್ಕದಲ್ಲಿ ತಿಂಗಳಿಗೆ 2,583 ಕಟ್ಟಬೇಕು. ನಿಜವಾದ ಬಡ್ಡಿ ಸುಮಾರು 21.5. ಯಾಕಂದರೆ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 50 ಸಾವಿರದ ಮೇಲೇ ಹಾಕಿರುತ್ತಾರೆ. ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡ್ರಿ’ ಅಂತ ಕೇಳಿ. ನಿಮಗೆ ತಿಳಿಯೋ ಭಾಷೆಯಲ್ಲಿ ಕೊಡಲೇಬೇಕು. ಎಲ್ಲ ಖರ್ಚೂ ಸೇರಿದ ವರ್ಷದ ಬಡ್ಡಿ ಅದರಲ್ಲಿ ಇರುತ್ತದೆ. ಸಂಘದ ಸಾಲದ ವಸೂಲಿಗೆ ಬೆಳಗ್ಗೆ 9ರ ಮೊದಲು, ಸಂಜೆ 6ರ ಮೇಲೆ ಫೋನು ಮಾಡುವಂತಿಲ್ಲ, ಮನೆಗೆ ಬರುವಂತಿಲ್ಲ. ಇನ್ನೊಂದು, ಸಿಬಿಲ್‌ನಂಥ ಕಂಪನಿಗಳು ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ಸಾಲದ ವರದಿಯನ್ನು ಪುಕ್ಕಟೆ ಕೊಡಬೇಕು. ತರಿಸಿ ನೋಡಿ. ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದ ಸಾಲ ಇದ್ದರೂ ಇರಬಹುದು. ನಾನು ಕಂಡಿದ್ದೇನೆ.

ಈ ಉತ್ತರ ಪೂರ್ತಿ ಓದೋ ತಾಳ್ಮೆ ನಿಮ್ಮ ಮನೆಯವರಿಗೆ ಇರಲಿಕ್ಕಿಲ್ಲ. ಒಂದು ಚೀಟಿಯಲ್ಲಿ 24,000 ಬರೆಯಿರಿ. ಕೆಳಗೆ ಐದೂ ಕಂತು ಬರೆದು ಕಳೆಯಿರಿ. ಚೀಟಿಯನ್ನು ಗಾಡಿ ಕೀಲಿ ಇಡೋ ಜಾಗದಲ್ಲಿ ಇಡಿ. ಅವರು ಬಂದು ‘ಇದೇನ್’ ಅಂದರೆ, ಈ ಲೆಕ್ಕದಲ್ಲಿ ಗಾಡಿ ಟಯರ್ ಹಿಡಿದಿಲ್ಲ, ಇನ್ಶೂರೆನ್ಸ್ ಹಿಡಿದಿಲ್ಲ ಅಂತ ಹೇಳಿ.